ಐಬು ಹೇಳದ ಸೈಕಲ್ಲು

"ಹಳೆ ಸೈಕಲ್ಲಿನ ಗಟ್ಟಿತನ ಈಗಿನವಕ್ಕೆ ಎಲ್ಲಿಂದ ಬರಬೇಕು?" ನಮ್ಮ ದಾವಣಗೆರೆಯ ಯಾವ ಚಹಾದಂಗಡಿಯಲ್ಲಿ ಕುಳಿತರೂ ಐವತ್ತು ದಾಟಿದವರ ಬಾಯಿಂದ ಈ ಮಾತು ಬರುತ್ತದೆ. ಸೈಕಲ್ಲಿನ ಜಾಗದಲ್ಲಿ ಹೊಲಿಗೆ ಯಂತ್ರ, ಬಾಗಿಲ ಬೀಗ, ಸೀಲಿಂಗ್ ಫ್ಯಾನು ಏನನ್ನಿಟ್ಟರೂ ಮಾತು ಬದಲಾಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಅದೇ ಮಾತು ಮನುಷ್ಯರ ಮೇಲೂ ಬಂದು ಕೂರುತ್ತದೆ. ನಾನೂ ಇದನ್ನು ಎಷ್ಟೋ ವರ್ಷ ಹೇಳಿಕೊಂಡು ಬಂದವನೇ. ಒಂದೆರಡು ಕತೆಗಳಲ್ಲಿ ಬರೆದೂ ಇದ್ದೇನೆ. ಈ ಮಾತು ನಿಜವೇ ಎಂದು ನನ್ನನ್ನೇ ಕೇಳಿಕೊಳ್ಳುವ ಪ್ರಸಂಗ ಬಂದದ್ದು 2024ರ ಮಳೆಗಾಲದಲ್ಲಿ, ನನ್ನ ಮಗಳ ಎಡಗೈ ಮುರಿದಾಗ.

ಅದನ್ನು ಹೇಳುವ ಮೊದಲು ಅಬ್ಬಾ ಅವರ ಸೈಕಲ್ಲಿನ ಬಗ್ಗೆ ಎರಡು ಮಾತು ಹೇಳಬೇಕು.

ಅಬ್ಬಾ ಮಂಡಕ್ಕಿ ಭಟ್ಟಿಯಿಂದ ಮಂಡಕ್ಕಿ ಒಯ್ದು ಸುತ್ತಲ ಹಳ್ಳಿಗಳ ಅಂಗಡಿಗಳಿಗೆ ಹಾಕುತ್ತಿದ್ದರು. ಮಂಡಕ್ಕಿ ತೂಕವಿಲ್ಲದ ಸರಕು, ಆದರೆ ಗಾತ್ರ ವಿಪರೀತ. ಕ್ಯಾರಿಯರಿನ ಮೇಲೆ ಅಡ್ಡಡ್ಡ ಚೀಲಗಳನ್ನು ಕಟ್ಟಿಕೊಂಡು ಅವರು ಆನಗೋಡಿನ ದಾರಿ ಹಿಡಿದರೆ ಹಿಂದಿನಿಂದ ನೋಡುವವರಿಗೆ ಮನುಷ್ಯನೂ ಕಾಣುತ್ತಿರಲಿಲ್ಲ, ಸೈಕಲ್ಲೂ ಕಾಣುತ್ತಿರಲಿಲ್ಲ. ಚೀಲಗಳೇ ಹೊರಟಂತೆ ಕಾಣುತ್ತಿತ್ತು. ಎದುರುಗಾಳಿ ಬಂದರೆ ಇಳಿದು ತಳ್ಳಬೇಕು. ಆ ಸೈಕಲ್ಲನ್ನು ಅವರು 1973ರಲ್ಲಿ, ಆಪಾ ಹುಟ್ಟುವ ಮೊದಲು, ಕಂತಿನ ಮೇಲೆ ಕೊಂಡಿದ್ದರು. ಕಪ್ಪು ಬಣ್ಣ, ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲದ ತೂಕ, ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಬ್ರೇಕಿಗೆ ತಂತಿಯಿಲ್ಲ, ಕಬ್ಬಿಣದ ಸಲಾಕೆ. ಪುರಸಭೆಗೆ ತೆರಿಗೆ ಕಟ್ಟಿ ಪಡೆದ ತಗಡಿನ ಬಿಲ್ಲೆಯೊಂದು ಬಹಳ ವರ್ಷ ಅದಕ್ಕೆ ತೂಗಾಡುತ್ತಿತ್ತು.

ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಸ್ನಾನ ಮಾಡುವ ಮುಂಚೆ ಅಬ್ಬಾ ಸೈಕಲ್ಲಿಗೆ ಸ್ನಾನ ಮಾಡಿಸುತ್ತಿದ್ದರು. ಹಳೆ ಬನಿಯನ್ನಿನ ಚೂರಿನಿಂದ ಒಂದೊಂದೇ ಕಡ್ಡಿ ಒರೆಸಿ, ಚೈನಿಗೆ, ಹಬ್ಬಿಗೆ, ಪೆಡಲಿಗೆ ಎರಡೆರಡು ಹನಿ ಎಣ್ಣೆ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ರಂಜಾನಿಗೆ ಮುಂಚೆ ಉಸ್ತಾದರ ಅಂಗಡಿಯಲ್ಲಿ ಅದಕ್ಕೆ 'ಓವರಾಯಿಲಿಂಗ್'. ಸೈಕಲ್ಲನ್ನು ಪೂರ್ತಿ ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು ಬದಲಿಸಿ, ಗ್ರೀಸು ತುಂಬಿ ಮತ್ತೆ ಜೋಡಿಸುವ ಕೆಲಸಕ್ಕೆ ನಮ್ಮ ಬೀದಿ ಇಟ್ಟ ಹೆಸರು ಅದು. ಸಂಜೆ ಹೊತ್ತಿಗೆ ಸೈಕಲ್ಲು ಮದುಮಗನಂತೆ ನಿಂತಿರುತ್ತಿತ್ತು. ಅಬ್ಬಾ 2009ರಲ್ಲಿ ತೀರಿಕೊಂಡರು. ಸೈಕಲ್ಲು ಮನೆಯ ಹಿಂದಿನ ಶೆಡ್ಡಿನಲ್ಲಿ ಉಳಿಯಿತು.

ಇನ್ನು ಹೊಸ ಸೈಕಲ್ಲಿನ ಕತೆ. 2021ರಲ್ಲಿ, ಲಾಕ್‌ಡೌನು ಸಡಿಲಗೊಂಡ ಮೇಲೆ, ನನ್ನ ತಮ್ಮ ತನ್ನ ಮಗನಿಗೆ ಒಂದು ಸೈಕಲ್ಲು ಕೊಡಿಸಿದ. ಆರಿಸಲು ನಾನೂ ಹೋಗಿದ್ದೆ. ಮುಂದೆ ಒಂದು, ನಡುವೆ ಒಂದು ಶಾಕ್ ಅಬ್ಸಾರ್ಬರ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಹ್ಯಾಂಡಲಿನಲ್ಲಿ ಗೇರು, ಮೈತುಂಬ ಮಿಂಚುವ ಸ್ಟಿಕ್ಕರು. ಹುಡುಗ ಅದನ್ನು ಬಿಟ್ಟು ಕದಲಲಿಲ್ಲ. ನಾಲ್ಕು ತಿಂಗಳಿಗೆ ಗೇರು ಹಲ್ಲು ಬಿಟ್ಟು ಹಾರತೊಡಗಿತು. ಆರು ತಿಂಗಳಿಗೆ ನಡುವಿನ ಸ್ಪ್ರಿಂಗಿನ ಬಳಿ ಫ್ರೇಮು ಅಲುಗಾಡಿತು. ಎಂಟನೇ ತಿಂಗಳಲ್ಲಿ ಪೆಡಲಿನ ತೋಳು ಸಡಿಲವಾಯಿತು. ಎಷ್ಟು ಬಿಗಿದರೂ ಮತ್ತೆ ಮತ್ತೆ ಕಳಚಿಕೊಂಡಿತು. ಕೊಂಡ ಅಂಗಡಿಯವನು, "ಆ ಪಾರ್ಟು ಬರಲ್ಲ ಸರ್, ಇದನ್ನ ಕೊಟ್ಟು ಹೊಸ ಮಾಡೆಲ್ ತಗೊಂಡ್ಬಿಡಿ" ಎಂದ.

ಉಸ್ತಾದರ ಬಳಿ ತಳ್ಳಿಕೊಂಡು ಹೋದೆ. ಅವರಿಗೆ ಆಗ ಎಪ್ಪತ್ತೈದರ ಮೇಲೆ. ಕನ್ನಡಕ ಹಣೆಗೇರಿಸಿ ಸುತ್ತಲೂ ಒಮ್ಮೆ ನೋಡಿ, "ಬೇಟಾ, ಇದರಲ್ಲಿ ನಾನು ಬಿಚ್ಚಬಹುದಾದ್ದು ಏನಿದೆ ಹೇಳು?" ಎಂದರು.

ಆ ಪ್ರಶ್ನೆಯಲ್ಲಿ ಹಳೆ ಸೈಕಲ್ಲಿನ ನಿಜವಾದ ಹಿರಿಮೆ ಇದೆ ಎಂದು ನನಗೆ ಅನಿಸಿತು. ಅಬ್ಬಾ ಅವರ ಸೈಕಲ್ಲಿನಲ್ಲಿ ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುತ್ತಿದ್ದುದು ಬೆರಳಿನಷ್ಟು ಉದ್ದವಿಲ್ಲದ ಒಂದು ಕಾಟರ್ ಪಿನ್ನು. ಮೆತ್ತನೆಯ ಉಕ್ಕಿನ ಆ ಬೆಣೆ ತಾನು ಸವೆದು ದೊಡ್ಡ ಭಾಗಗಳನ್ನು ಕಾಪಾಡುತ್ತಿತ್ತು. ಸವೆದರೆ ತುಳಿತುಳಿತಕ್ಕೂ 'ಕಟ್ ಕಟ್' ಎಂದು ಸದ್ದು ಮಾಡಿ ತಿಳಿಸುತ್ತಿತ್ತು. ಕೆಲವು ಕಾಸಿಗೆ ಹೊಸ ಪಿನ್ನು ಸಿಗುತ್ತಿತ್ತು. ಸುತ್ತಿಗೆ ಇದ್ದವರೆಲ್ಲ ಅದನ್ನು ಹಾಕಬಲ್ಲವರೇ. ಫ್ರೇಮು ಉಕ್ಕಿನದು, ಸೀಳಿದರೆ ಗ್ಯಾಸ್ ವೆಲ್ಡಿಂಗಿನವನು ಕೂಡಿಸುತ್ತಿದ್ದ. ಚಕ್ರದ ಅಳತೆ ದೇಶದ ತುಂಬ ಬಹುಮಟ್ಟಿಗೆ ಒಂದೇ, ಇಪ್ಪತ್ತೆಂಟು ಇಂಚು. ಆದ್ದರಿಂದ ಜಗಳೂರಿನ ಸಂತೆಯಲ್ಲಿ ಟೈರು ಸಿಡಿದರೂ ಮನೆ ಸೇರುವುದು ಕಷ್ಟವಾಗುತ್ತಿರಲಿಲ್ಲ.

ಇಷ್ಟು ನೋಡಿದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು. ಮಗಳು ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರಿದ ವರ್ಷ ಶೆಡ್ಡಿನಿಂದ ಅಬ್ಬಾ ಅವರ ಸೈಕಲ್ಲನ್ನು ಇಳಿಸಿದೆ. ಉಸ್ತಾದರೇ ಕೂತು ಓವರಾಯಿಲಿಂಗ್ ಮಾಡಿಕೊಟ್ಟರು. ಮಗಳು ಎತ್ತರದ ಹುಡುಗಿ, ಗಂಡಸರ ಸೈಕಲ್ಲು ಅವಳಿಗೆ ತೊಡಕಾಗಲಿಲ್ಲ. ದಾದಾನ ಸೈಕಲ್ಲಿನ ಮೇಲೆ ಮೊಮ್ಮಗಳು ಬೀದಿಯಲ್ಲಿ ಹೋಗುವುದನ್ನು ನೋಡಿ ನನಗೆ ಕಣ್ಣು ತುಂಬಿತು. ಒಂದು ಕತೆಗೆ ಆಗುವಷ್ಟು ಖುಷಿಯಾಯಿತು ಎಂದರೆ ಸುಳ್ಳಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಸಣ್ಣ ಜಿಟಿಜಿಟಿ ಮಳೆ. ಇಳಿಜಾರಿನ ಕೆಳಗೆ ಆಟೋ ಒಂದು ಅಡ್ಡ ಬಂತು. ಮಗಳು ಎರಡೂ ಬ್ರೇಕು ಹಿಡಿದಳು. ಸೈಕಲ್ಲು ನಿಲ್ಲಲಿಲ್ಲ. ಅವಳು ಮೋರಿಯ ಕಲ್ಲಿಗೆ ಹೋಗಿ ಬಿದ್ದಳು. ಮುಂಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆಸ್ಪತ್ರೆಯಿಂದ ಬರುವಾಗ ಅವಳು ಕೇಳಿದಳು: "ಅಬ್ಬಾ, ಮಳೆಯಲ್ಲಿ ಈ ಬ್ರೇಕು ಹಿಡಿಯೋದಿಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ಮಳೆ ಬಂದಾಗ ಅಬ್ಬಾ ಬ್ರೇಕನ್ನು ನಂಬುತ್ತಿರಲಿಲ್ಲ. ಇಳಿಜಾರಿನಲ್ಲಿ ಚಪ್ಪಲಿಯ ಕಾಲನ್ನು ನೆಲಕ್ಕೆ ಉಜ್ಜಿ ವೇಗ ತಗ್ಗಿಸುತ್ತಿದ್ದರು. ಹೆಚ್ಚು ಮಳೆಯಾದರೆ ಇಳಿದು ನಡೆಯುತ್ತಿದ್ದರು. ಅವರ ಎಡಗಾಲಿನ ಚಪ್ಪಲಿ ಮಾತ್ರ ಬೇಗ ಸವೆಯುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಹೊಳಪಿನ ಲೇಪವಿರುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಗುಟಕ ಅದರ ಮೇಲೆ ಸುಮ್ಮನೆ ಜಾರುತ್ತದೆ. ಒಣ ರಸ್ತೆಯಲ್ಲಿ ನಿಲ್ಲುವ ದೂರಕ್ಕಿಂತ ಹಲವು ಪಟ್ಟು ದೂರ ಬೇಕಾಗುತ್ತದೆ. ಈಗಿನ ಒಳ್ಳೆಯ ಸೈಕಲ್ಲುಗಳಿಗಿರುವ ಅಲ್ಯೂಮಿನಿಯಂ ರಿಮ್ಮಿನಲ್ಲಿ ಈ ತೊಂದರೆ ಬಹಳ ಕಡಿಮೆ. ಸರಿಯಾದ ಡಿಸ್ಕ್ ಬ್ರೇಕಿನಲ್ಲಿ ಇನ್ನೂ ಕಡಿಮೆ. ಇದೆಲ್ಲ ತಿಳಿದಿದ್ದೂ ಮಗಳಿಗೆ ನಾನು ಹೇಳಲಿಲ್ಲ. ಮರೆತೆ ಎನ್ನಬಹುದು. ಆದರೆ ಮರೆತದ್ದು ಯಾಕೆ? ಅಬ್ಬಾ ಅವರ ಸೈಕಲ್ಲಿನಲ್ಲಿ ಕೊರತೆಯಿದೆ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅದಕ್ಕೆ.

ಉರ್ದು ಶಾಲೆಯಲ್ಲಿ ನಾನು 'ಐಬ್' ಎಂಬ ಶಬ್ದ ಕಲಿತೆ. ಕನ್ನಡ ಹೈಸ್ಕೂಲಿಗೆ ಬಂದಾಗ ಅದು ನನಗಿಂತ ಮೊದಲೇ ಅಲ್ಲಿಗೆ ಬಂದು 'ಐಬು' ಆಗಿ ಕುಳಿತಿತ್ತು. ದನದ ಸಂತೆಯಲ್ಲಿ ಹೋರಿಯ ಐಬು, ಹೆಣ್ಣು ನೋಡಲು ಹೋದಲ್ಲಿ ಮನೆತನದ ಐಬು. ಇಸ್ಲಾಮಿನ ವ್ಯಾಪಾರ ನಿಯಮಗಳಲ್ಲಿ ಈ ಶಬ್ದಕ್ಕೆ ದೊಡ್ಡ ಸ್ಥಾನವಿದೆ. ಸರಕಿನಲ್ಲಿ ಐಬು ಇರುವುದು ತಪ್ಪಲ್ಲ. ಐಬಿಲ್ಲದ ಸರಕು ಲೋಕದಲ್ಲಿ ಎಲ್ಲಿದೆ? ಮಾರುವವನು ತನಗೆ ತಿಳಿದ ಐಬನ್ನು ಹೇಳಬೇಕು. ಮುಚ್ಚಿಟ್ಟು ಮಾರಿದರೆ ಕೊಂಡವನಿಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ. ದೋಷವಿರುವ ಸರಕಿಗೆ ಪರಿಹಾರ ಕೇಳುವ ಹಕ್ಕನ್ನು ನಮ್ಮ ದೇಶದ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದರ ಜಾಗಕ್ಕೆ ಬಂದ 2019ರ ಕಾಯ್ದೆಯೂ ಕೊಟ್ಟಿವೆ. ತಮ್ಮನ ಮಗನಿಗೆ ಸೈಕಲ್ಲು ಮಾರಿದವನ ಮೇಲೆ ನಾನು ಈ ನಿಯಮವನ್ನೆಲ್ಲ ಹೇರಿ ಮಾತಾಡಿದ್ದೆ. ಆಸ್ಪತ್ರೆಯ ಆಟೋದಲ್ಲಿ ಕೂತಾಗ ಅದೇ ನಿಯಮ ನನ್ನತ್ತ ತಿರುಗಿತು. ಅಂಗಡಿಯವನು ಹೊಸದರ ಐಬನ್ನು ಸ್ಟಿಕ್ಕರಿನಿಂದ ಮುಚ್ಚಿದ್ದ. ನಾನು ಹಳೆಯದರ ಐಬನ್ನು ನೆನಪಿನಿಂದ ಮುಚ್ಚಿದ್ದೆ. ಕೈ ಮುರಿದುಕೊಂಡವಳು ಮಾತ್ರ ಮೂರನೆಯವಳು.

ಹೀಗೆ ಒಮ್ಮೆ ಅನುಮಾನ ಶುರುವಾದ ಮೇಲೆ 'ಹಳೆಯದು ಗಟ್ಟಿ' ಎಂಬ ಮಾತನ್ನು ಬಿಚ್ಚಿ ನೋಡತೊಡಗಿದೆ.

ನನ್ನ ಜೊತೆ ಉರ್ದು ಶಾಲೆಯಲ್ಲಿ ಓದಿದ ಗೆಳೆಯನೊಬ್ಬ ಗುಜರಿ ಅಂಗಡಿ ಇಟ್ಟಿದ್ದಾನೆ. ಅವನ ಮುಂದೆ ಈ ಮಾತು ತೆಗೆದಾಗ ನಕ್ಕುಬಿಟ್ಟ. "ನಿಮ್ಮಪ್ಪನ ಸೈಕಲ್ಲು ಒಂದು ಉಳಿದೈತಿ, ಅದನ್ನ ನೋಡಿ ಹಳೇವೆಲ್ಲ ಗಟ್ಟಿ ಅಂತೀಯ. ಮುರಿದಿದ್ದು, ತುಕ್ಕು ತಿಂದಿದ್ದು, ಸೀಳಿದ್ದು ನೂರಾರು ನನ್ನ ತಕ್ಕಡಿ ಮೇಲೆ ಹೋಗ್ಯಾವ. ಅವನ್ನ ಯಾರೂ ನೆನಪಿಟ್ಟಿಲ್ಲ" ಎಂದ. ನಾವು ನೋಡುವ ಹಳೆ ಸೈಕಲ್ಲುಗಳೆಲ್ಲ ಉಳಿದ ಸೈಕಲ್ಲುಗಳು. ಉಳಿಯದವು ಕರಗಿ ಕಿಟಕಿ ಸರಳಾಗಿ ಯಾರದೋ ಮನೆಯಲ್ಲಿವೆ. ಬದುಕುಳಿದವರನ್ನು ಮಾತ್ರ ಎಣಿಸಿ 'ಹಿಂದಿನವರಿಗೆ ಆಯುಸ್ಸು ಹೆಚ್ಚು' ಎಂದ ಹಾಗಾಯಿತು.

ಇನ್ನೊಂದು ಸಂಗತಿ. ಅಬ್ಬಾ ಅವರ ಸೈಕಲ್ಲು ಮೂವತ್ತಾರು ವರ್ಷ ಓಡಿತು, ನಿಜ. ಆದರೆ ಅಷ್ಟು ವರ್ಷ ಅದನ್ನು ಓಡಿಸಿದ್ದು ಉಕ್ಕು ಒಂದೇ ಅಲ್ಲ. ಶುಕ್ರವಾರದ ಆ ಬನಿಯನ್ ಚೂರು, ಎರಡು ಹನಿ ಎಣ್ಣೆ, ಉಸ್ತಾದರ ಕಪ್ಪಾದ ಬೆರಳುಗಳು ಕೂಡ. ಸರಕಿನ ಗಟ್ಟಿತನ ಎಂದು ನಾವು ಲೆಕ್ಕಕ್ಕೆ ಹಿಡಿಯುವುದರಲ್ಲಿ ಅರ್ಧದಷ್ಟು ಬಳಸಿದವರ ದುಡಿಮೆ. ಮತ್ತೊಂದು ಕೊಳ್ಳಲು ಅವರ ಬಳಿ ದುಡ್ಡಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಬಡತನಕ್ಕೆ ಇದ್ದ ಶಿಸ್ತನ್ನು ನಾವು ಕಂಪನಿಯ ಗುಣಮಟ್ಟವೆಂದು ಬರೆದುಕೊಳ್ಳುತ್ತಿದ್ದೇವೆ.

ಸೈಕಲ್ಲಿನ ಚರಿತ್ರೆಯನ್ನು ನೋಡಿದರೂ ಇದು ಹೊಳೆಯುತ್ತದೆ. ಈಗಿನ ರೂಪದ ಸೈಕಲ್ಲು, ಅಂದರೆ ಒಂದೇ ಅಳತೆಯ ಎರಡು ಚಕ್ರ ಮತ್ತು ಹಿಂದಿನ ಚಕ್ರಕ್ಕೆ ಚೈನು ಇರುವಂಥದ್ದು, ನೆಲೆಗೊಂಡದ್ದು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದ 'ರೋವರ್' ಸೈಕಲ್ಲಿನಿಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಆಮೇಲೆ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿ ಮೊದಲಾದವು ಬೆಳೆಸಿದ ಕಪ್ಪು ರೋಡ್‌ಸ್ಟರ್ ಸೈಕಲ್ಲು ಹಡಗು ಹತ್ತಿ ಭಾರತಕ್ಕೆ ಬಂತು. ಸ್ವಾತಂತ್ರ್ಯದ ನಂತರ ಅದೇ ಮಾದರಿ ಇಲ್ಲೇ ತಯಾರಾಗತೊಡಗಿತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ. ಹೆಸರು ಬೇರೆಯಾದರೂ ಅವು ಬೀದಿಗಿಳಿಸಿದ ಕರಿ ಸೈಕಲ್ಲುಗಳು ಅಕ್ಕತಂಗಿಯರಂತಿದ್ದವು. ಹತ್ತಾರು ವರ್ಷ ಅವುಗಳಲ್ಲಿ ದೊಡ್ಡ ಬದಲಾವಣೆಯಾಗಲಿಲ್ಲ. ಮಳೆಯಲ್ಲಿ ಜಾರುವ ಬ್ರೇಕು ಅಜ್ಜನ ಕಾಲದಲ್ಲೂ ಜಾರುತ್ತಿತ್ತು, ಮೊಮ್ಮಗನ ಕಾಲದಲ್ಲೂ ಜಾರುತ್ತಿತ್ತು. ಕೊಳ್ಳುವವನಿಗೆ ಬೇರೆ ಆಯ್ಕೆ ಇರಲಿಲ್ಲವಾದ್ದರಿಂದ ಮಾಡುವವನಿಗೂ ತಿದ್ದುವ ಅವಸರವಿರಲಿಲ್ಲ.

ಆದರೆ ಆ ಸಮಾನತೆಗೆ ಒಂದು ಬೆಲೆಯಿತ್ತು, ಅದನ್ನು ತಳ್ಳಿಹಾಕಲಾಗದು. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರೂ ಮಂಡಕ್ಕಿ ಮಾರುವ ನನ್ನ ತಂದೆಯೂ ತುಳಿಯುತ್ತಿದ್ದುದು ಹೆಚ್ಚೂ ಕಡಿಮೆ ಒಂದೇ ಯಂತ್ರ. ಹೆಡ್‌ಮಾಸ್ತರರದಕ್ಕೆ ಡೈನಮೋ ದೀಪ, ಸೀಟಿಗೆ ಒಂದು ಹೊದಿಕೆ ಹೆಚ್ಚು ಇದ್ದಿರಬಹುದು. ಎರಡೂ ಉಸ್ತಾದರ ಅಂಗಡಿಯ ಮುಂದೆ ಒಂದೇ ಸಾಲಿನಲ್ಲಿ ತಲೆಕೆಳಗಾಗಿ ನಿಲ್ಲುತ್ತಿದ್ದವು.

ಬದಲಾದದ್ದು ಇಲ್ಲಿ. ಸೈಕಲ್ಲಿನ ನೂರ ನಲವತ್ತು ವರ್ಷದ ಚರಿತ್ರೆಯಲ್ಲಿ ಇಂದಿನಷ್ಟು ಒಳ್ಳೆಯ ಸೈಕಲ್ಲುಗಳು ಹಿಂದೆಂದೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾದರೂ ಒಪ್ಪಬೇಕು. ರೇಸಿನ ಸೈಕಲ್ಲುಗಳು ಎಷ್ಟು ಹಗುರಾದವು ಎಂದರೆ, 6.8 ಕಿಲೋಗಿಂತ ಕಡಿಮೆ ತೂಕವಿರಬಾರದು ಎಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯೇ ಮಿತಿ ಹಾಕಬೇಕಾಯಿತು. ಗೇರು ಬೆರಳ ತುದಿಯಲ್ಲಿ ಬದಲಾಗುತ್ತದೆ. ಬೇರಿಂಗುಗಳು ಧೂಳು ನೀರು ಹೋಗದಂತೆ ಮುಚ್ಚಿದ ಡಬ್ಬಿಯಲ್ಲಿರುತ್ತವೆ, ವರ್ಷಗಟ್ಟಲೆ ಕೈ ಹಾಕಬೇಕಾಗಿಲ್ಲ. ಟೈರು, ಬ್ರೇಕು, ರಿಮ್ಮು ಎಲ್ಲವೂ ಅಬ್ಬಾ ಕನಸಿನಲ್ಲಿಯೂ ಕಾಣದಷ್ಟು ಉತ್ತಮ. ಆದರೆ ಆ ಸೈಕಲ್ಲಿನ ಬೆಲೆಗೆ ನಮ್ಮ ಓಣಿಯಲ್ಲಿ ಸ್ಕೂಟರು ಬರುತ್ತದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು ಹಾಕಿ ಸವಾರಿ ಹೊರಡುವವರಿಗೆ ಅದು ಸಿಗುತ್ತದೆ. ದಿನಾ ತುಳಿದೇ ತೀರಬೇಕಾದ ಸೆಕ್ಯುರಿಟಿ ಗಾರ್ಡಿಗೆ, ಹಾಲು ಹಾಕುವ ಹುಡುಗನಿಗೆ, ಶಾಲೆಯ ಮಕ್ಕಳಿಗೆ ಸಿಗುವುದು ಅದರ ವೇಷ ಹಾಕಿದ ಸೈಕಲ್ಲು. ಅದೇ ಡಿಸ್ಕು, ಅದೇ ಸ್ಪ್ರಿಂಗು, ಅದೇ ಬಣ್ಣ. ಒಳಗೆ ಮಾತ್ರ ತೆಳು ತಗಡು, ಹುಸಿ ಉಕ್ಕು. ಸ್ಪ್ರಿಂಗು ರಸ್ತೆಯ ಕುಲುಕನ್ನು ತಗ್ಗಿಸುವುದಿರಲಿ, ತೂಕ ಹೆಚ್ಚಿಸಿ ತಾನೇ ಮೊದಲು ಮುರಿಯುತ್ತದೆ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದ ಸೈಕಲ್ ಮೆಕ್ಯಾನಿಕ್‌ಗಳು ಸೇರಿ ಒಂದು ಮನವಿ ಹೊರಡಿಸಿದರು. ದೊಡ್ಡ ಮಳಿಗೆಗಳಲ್ಲಿ ಅಗ್ಗಕ್ಕೆ ಮಾರುವ ಸೈಕಲ್ಲುಗಳು ಕೆಡುವುದಕ್ಕೆಂದೇ ಕಟ್ಟಿದವು, ಬಿಡಿಭಾಗ ಸಿಗದೆ ತಾವು ಅವನ್ನು ರಿಪೇರಿ ಮಾಡಲಾರೆವು, ಕನಿಷ್ಠ ಐನೂರು ಗಂಟೆಯಾದರೂ ಓಡುವಂತೆ ಸೈಕಲ್ಲು ಮಾಡಿರಿ ಎಂಬುದು ಅವರ ಬೇಡಿಕೆ. ಆ ದೂರದ ಮೆಕ್ಯಾನಿಕ್‌ಗಳೂ ನಮ್ಮ ಉಸ್ತಾದರೂ ಒಂದೇ ಮಾತಾಡುತ್ತಿದ್ದಾರೆ. ಅಲ್ಲಿಯೂ ಆ ಸೈಕಲ್ಲನ್ನು ಕೊಳ್ಳುವವರು ಕೈಯಲ್ಲಿ ದುಡ್ಡಿಲ್ಲದವರೇ.

1948ರಲ್ಲಿ ಇಟಲಿಯ ವಿಟೋರಿಯೊ ಡಿ ಸಿಕಾ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರವನ್ನು ಅನೇಕರು ನೋಡಿರಬಹುದು. ಗೋಡೆಗೆ ಪೋಸ್ಟರು ಹಚ್ಚುವ ಕೆಲಸಕ್ಕೆ ಸೈಕಲ್ಲು ಬೇಕೇ ಬೇಕು. ಅಡವಿಟ್ಟ ಸೈಕಲ್ಲನ್ನು ಬಿಡಿಸಿಕೊಳ್ಳಲು ಹೆಂಡತಿ ಮನೆಯ ಹಾಸಿಗೆಯ ಹೊದಿಕೆಗಳನ್ನು ಕೊಟ್ಟುಬಿಡುತ್ತಾಳೆ. ಆ ಸೈಕಲ್ಲು ಕಳುವಾಗುತ್ತದೆ. ಆ ಸೈಕಲ್ಲಿನ ಹೆಸರು 'ಫಿಡೆಸ್'. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ನಂಬಿಕೆ, ಭರವಸೆ ಎಂಬ ಅರ್ಥ. ದುಡಿಯುವ ಮನುಷ್ಯ ಸೈಕಲ್ಲು ಕೊಳ್ಳುವಾಗ ದುಡ್ಡಿನ ಜೊತೆ ಕೊಡುವುದು ಅದನ್ನೇ. ಅದು ರಸ್ತೆಯಲ್ಲಿ ಕಳುವಾದರೆ ಕಳ್ಳ ಎಂದು ಬೆನ್ನಟ್ಟಿ ಓಡುತ್ತೇವೆ. ಕೊಂಡ ಎಂಟು ತಿಂಗಳಿಗೆ ಸೈಕಲ್ಲು ತಾನೇ ಕರಗಿ ಹೋದರೆ ಯಾರನ್ನು ಬೆನ್ನಟ್ಟುವುದು?

ಇಷ್ಟೆಲ್ಲ ಬರೆದು ಆಪಾಗೆ ಓದಿ ಹೇಳಿದೆ. ಕತೆ ಬರೆದಾಗಲೆಲ್ಲ ಮೊದಲು ಕೇಳುವವಳು ಅವಳೇ. ಪೂರ್ತಿ ಕೇಳಿ, "ಸೈಕಲ್ಲು ಗಟ್ಟಿ ಇತ್ತೋ ಇಲ್ವೋ ನಂಗೇನು ಗೊತ್ತೋ? ನಾನು ಅದನ್ನ ಒರೆಸಿದ್ದೇನೆ, ಹತ್ತಿಲ್ಲ" ಎಂದಳು.

ನನಗೆ ಮುಖಕ್ಕೆ ಹೊಡೆದಂತಾಯಿತು. ಅಬ್ಬಾ ಊರಿಗೆ ಹೋದಾಗ ಶುಕ್ರವಾರದ ಒರೆಸುವ ಕೆಲಸ ಆಪಾಳದು. ಒಳಪೆಡಲು ತುಳಿಯುತ್ತ, ಮೊಣಕಾಲು ಕೆತ್ತಿಸಿಕೊಳ್ಳುತ್ತ ಸೈಕಲ್ಲು ಕಲಿತವನು ನಾನು. ಆಪಾಳ ಓದು ಏಳನೇ ತರಗತಿಗೆ ನಿಂತಿತು. ಹೈಸ್ಕೂಲು ದೂರವಿತ್ತು ಎಂಬುದು ಮನೆಯಲ್ಲಿ ಹೇಳಿದ ಕಾರಣ. ನನಗೂ ಅದೇ ಹೈಸ್ಕೂಲು, ಅಷ್ಟೇ ದೂರ. ಆದರೆ ನನಗೆ ಅದು ದೂರವೆನಿಸಲಿಲ್ಲ, ಬಾಡಿಗೆ ಸೈಕಲ್ಲಿತ್ತು. ಹೆಡ್‌ಮಾಸ್ತರರೂ ಅಬ್ಬಾನೂ ಒಂದೇ ಸಾಲಿನಲ್ಲಿದ್ದರು ಎಂದು ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ಆ ಸಾಲಿನಲ್ಲಿ ಆಪಾ ಎಲ್ಲಿಯೂ ಇರಲಿಲ್ಲ. ಇದು ಹಳೆ ಸೈಕಲ್ಲಿನ ಉಕ್ಕಿನಲ್ಲಿದ್ದ ಐಬಲ್ಲ. ಅದನ್ನು ಇಟ್ಟುಕೊಂಡಿದ್ದ ಮನೆಗಳ ಐಬು, ನಮ್ಮ ಮನೆಯದೂ ಸೇರಿ.

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲು ಕಲಿಸಲಾಯಿತು. ಸಾವಿರಾರು ಗ್ರಾಮೀಣ ಹೆಣ್ಣುಮಕ್ಕಳು, ಅವರಲ್ಲಿ ಮುಸ್ಲಿಂ ಮನೆಗಳವರೂ, ರಸ್ತೆಗಿಳಿದರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದಿದ್ದಾರೆ. ಅಲ್ಲಿ ಅನೇಕರು ತುಳಿದದ್ದು ಗಂಡಸರ ಅದೇ ಕಪ್ಪು ಸೈಕಲ್ಲು. ಮುಂದಿನ ಅಡ್ಡ ಕಂಬದ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಎಂಬ ಅನುಕೂಲವನ್ನು ಅವರು ಕಂಡುಕೊಂಡಿದ್ದರು. ಬಿಹಾರ ಸರಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ಲಿನ ಹಣ ಕೊಡುವ ಯೋಜನೆ ತಂದಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಅದರಿಂದ ಸುಮಾರು ಮೂರನೇ ಒಂದರಷ್ಟು ಹೆಚ್ಚಿತೆಂದು ತೋರಿಸಿದ್ದಾರೆ. ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಶುರುವಾಗಿ, ಕೊರೊನಾ ಕಾಲದಲ್ಲಿ ವಿತರಣೆ ನಿಂತಿತು. ಬುರ್ಖಾ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ಲು ತುಳಿದು ಹೋಗುವುದನ್ನು ನಮ್ಮ ಬೀದಿ ಮೊದಲು ಬೆರಗಿನಿಂದ, ಆಮೇಲೆ ಸಹಜವಾಗಿ ನೋಡಿತು. ಆ ಸೈಕಲ್ಲುಗಳು ಅಬ್ಬಾ ಅವರ ಸೈಕಲ್ಲಿನಷ್ಟು ವರ್ಷ ಬಾಳುವಂಥವಲ್ಲ. ಆದರೂ ಮೂವತ್ತಾರು ವರ್ಷದಲ್ಲಿ ಅದು ಮಾಡದ ಕೆಲಸವನ್ನು ಅವು ಮೂರು ವರ್ಷದಲ್ಲಿ ಮಾಡಿದವು.

ಹಾಗಾದರೆ ಗುಣಮಟ್ಟ ಎಂದರೇನು? ಎಷ್ಟು ವರ್ಷ ಉಳಿಯಿತು ಎಂಬುದೊಂದೇ ಅಳತೆಯಾದರೆ ಶೆಡ್ಡಿನಲ್ಲಿಟ್ಟ ಸೈಕಲ್ಲೇ ಎಲ್ಲಕ್ಕಿಂತ ಶ್ರೇಷ್ಠ. ಯಾರನ್ನು ಎಲ್ಲಿಗೆ ಮುಟ್ಟಿಸಿತು, ದಾರಿಯಲ್ಲಿ ಬೀಳಿಸಿತೇ, ಕೆಟ್ಟರೆ ನಮ್ಮ ಓಣಿಯಲ್ಲಿ ಸರಿಪಡಿಸಬಹುದೇ, ಇವನ್ನೂ ಕೇಳಬೇಕಾಗುತ್ತದೆ. ಸರಕಾರ ಕೊಡಲಿ, ಕಂಪನಿ ಮಾರಲಿ, ಬಡ ಹುಡುಗಿಗೆ ಸಿಗುವ ಸೈಕಲ್ಲು 'ಅವಳಿಗೆ ಇಷ್ಟು ಸಾಕು' ಎಂಬ ಲೆಕ್ಕದಲ್ಲಿ ತಯಾರಾಗಿದ್ದರೆ, ಅದು ತಗಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸೈಕಲ್ಲು ಮೂಲೆ ಸೇರಿದ ದಿನ ಹೈಸ್ಕೂಲು ಮತ್ತೆ ದೂರವಾಗುತ್ತದೆ. ಒಂದು ಕಾಲದಲ್ಲಿ ಆಪಾಗೆ ದೂರವಾದಂತೆ.

ಈಚೆಗೆ ಉಸ್ತಾದರನ್ನು ಕಂಡಾಗ ಹಳೆಯದೋ ಹೊಸದೋ ಎಂದು ನೇರವಾಗಿ ಕೇಳಿದೆ. ಅವರು ಈಗ ಅಂಗಡಿಗೆ ದಿನಾ ಬರುವುದಿಲ್ಲ. ಮಗ ಅಲ್ಲಿ ಮೊಬೈಲ್ ರಿಪೇರಿ ಇಟ್ಟುಕೊಂಡಿದ್ದಾನೆ. "ಅಲ್ಯೂಮಿನಿಯಂ ರಿಮ್ಮು ನಮ್ಮ ಕಾಲದಲ್ಲಿ ಬಂದಿದ್ದರೆ ನಾನು ಎಷ್ಟು ಜನರ ಹಲ್ಲು ಉಳಿಸ್ತಿದ್ದೆ, ಬೇಟಾ" ಎಂದು ನಕ್ಕರು. ಆಮೇಲೆ, "ಆದರೆ ನಾನು ಬಿಚ್ಚೋಕೆ ಆಗಬೇಕು. ಬಿಚ್ಚಿ ನೋಡೋಕೆ ಬಿಡದವನು ಏನನ್ನೋ ಮುಚ್ಚಿಟ್ಟಿರ್ತಾನೆ" ಎಂದರು.

ಮಗಳ ಕೈ ಕೂಡಿಕೊಂಡ ಮೇಲೆ ಅವಳಿಗೆ ಒಂದು ಸಾದಾ ಲೇಡೀಸ್ ಸೈಕಲ್ಲು ಕೊಡಿಸಿದೆ. ಗೇರಿಲ್ಲ, ಸ್ಪ್ರಿಂಗಿಲ್ಲ, ಅಲ್ಯೂಮಿನಿಯಂ ರಿಮ್ಮು, ರಿಮ್ಮು ಹಿಡಿಯುವ ತಂತಿ ಬ್ರೇಕು. ಬಿಡಿಭಾಗ ಊರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು, ಉಸ್ತಾದರನ್ನೇ ಅಂಗಡಿಗೆ ಕರೆದೊಯ್ದು ಆರಿಸಿದ್ದು. ಮನೆಗೆ ತಂದು ಕೊಡುವಾಗ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: ಇದರ ಚೈನು ಬೇಗ ಸಡಿಲವಾಗುತ್ತದಂತೆ, ತಿಂಗಳಿಗೊಮ್ಮೆ ನೋಡಬೇಕು. ಸ್ಟ್ಯಾಂಡು ಗಟ್ಟಿಯಿಲ್ಲ, ಭಾರ ಹೇರಿ ನಿಲ್ಲಿಸಬೇಡ. ಮೊದಲ ಮಳೆಯ ದಿನ ಬ್ರೇಕನ್ನು ಮನೆ ಮುಂದೆಯೇ ಹಿಡಿದು ನೋಡಿ ಆಮೇಲೆ ಹೊರಡು.

ಅವಳು ಕೇಳಿಸಿಕೊಂಡು, "ಹೊಸ ಸೈಕಲ್ಲು ಕೊಡ್ತಾ ಯಾರಾದರೂ ಇಷ್ಟೊಂದು ಐಬು ಹೇಳ್ತಾರಾ ಅಬ್ಬಾ?" ಎಂದು ನಕ್ಕಳು.

ಅಬ್ಬಾ ಅವರ ಸೈಕಲ್ಲು ಮತ್ತೆ ಶೆಡ್ಡಿಗೆ ಹೋಗಿಲ್ಲ. ಅಂಗಳದಲ್ಲಿದೆ. ಮೊನ್ನೆ ಸಂಜೆ ಆಪಾ ಬಂದಿದ್ದಾಗ ನನ್ನ ಮಗಳು ಹಿಂದಿನ ಕ್ಯಾರಿಯರು ಹಿಡಿದುಕೊಂಡಿದ್ದಳು, ಆಪಾ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಡಲಿನ ಮೇಲೆ ಕಾಲಿಡುತ್ತಿದ್ದಳು. ಐವತ್ತು ದಾಟಿದ ಅವಳಿಗೆ ಮಗಳು ಹೇಳುತ್ತಿದ್ದ ಮೊದಲ ಪಾಠ ನನಗೆ ಒಳಗಿನಿಂದ ಕೇಳಿಸಿತು: "ಫುಪ್ಪಿ, ಒಂದು ಮಾತು. ಇದರ ಬ್ರೇಕು ಒದ್ದೆಯಾದರೆ ಹಿಡಿಯಲ್ಲ."